ಕಾಗಿಣಾ ದಂಡೆಯಲ್ಲಿ ಫ್ರೆಂಚ್

ಸಿವಿಲ್ ಡಿಪ್ಲೊಮಾ ಓದುವ ನಮ್ಮ ಸೇಡಂ, ಚಿತ್ತಾಪುರ, ವಾಡಿ ಕಡೆಯ ಹುಡುಗ ಹುಡುಗಿಯರಿಗೆ ವಿಕಾಟ್ ಉಪಕರಣ ಚೆನ್ನಾಗಿ ಗೊತ್ತು. 40 ಮಿ.ಮೀ. ಆಳದ ಅಚ್ಚಿನಲ್ಲಿ ಕಲಸಿದ ಸಿಮೆಂಟ್ ತುಂಬಿ, ಮೇಲಿಂದ ಸೂಜಿ ಇಳಿಬಿಡುತ್ತಾರೆ. ಸೂಜಿ ತಳ ಮುಟ್ಟದೆ ಸುಮಾರು 5 ಮಿ.ಮೀ. ಮೇಲೆಯೇ ನಿಂತಿತೆಂದರೆ ಸಿಮೆಂಟ್ ಬಿಗಿಯತೊಡಗಿದೆ ಎಂದರ್ಥ. ಆ ಸಮಯವನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆ ಸೂಜಿಗೆ ಹೆಸರು ಕೊಟ್ಟ ಲೂಯಿ ವಿಕಾ ಫ್ರಾನ್ಸಿನ ಎಂಜಿನಿಯರ್. ಐಫೆಲ್ ಗೋಪುರದ ಮೇಲಿರುವ 72 ಹೆಸರುಗಳಲ್ಲಿ ಅವನದೂ ಒಂದು. ಅವನ ಮಗ 1853ರಲ್ಲಿ ಆರಂಭಿಸಿದ ಕಂಪನಿಯೇ ಚಿಂಚೋಳಿ ತಾಲೂಕಿನ ಛತ್ರಸಾಲದಲ್ಲಿ ಕಲಬುರ್ಗಿ ಸಿಮೆಂಟ್ ಕಾರ್ಖಾನೆ ನಡೆಸುತ್ತಿದೆ. ಫ್ರಾನ್ಸಿನ ಬಂಡವಾಳ ನಮ್ಮ ತೊಗರಿ ಹೊಲದ ಬದುವಿನವರೆಗೆ ಬಂದಿದೆ. ಫ್ರೆಂಚ್ ಮಾತು ಮಾತ್ರ ನಮ್ಮ ಬಹುಪಾಲು ಮಕ್ಕಳ ಕಿವಿಗೇ ಬಿದ್ದಿಲ್ಲ.

ಬೆಂಗಳೂರಿನ ಪಿಯು ಕಾಲೇಜುಗಳಲ್ಲಿ ಫ್ರೆಂಚ್ ತೆಗೆದುಕೊಳ್ಳುವವರು ಅನೇಕರಿದ್ದಾರೆ. ಹೆಚ್ಚಿನವರ ಲೆಕ್ಕ ಅಂಕದ್ದು. ನಾವು ಕೇಳುತ್ತಿರುವುದು ಆ ಫ್ರೆಂಚನ್ನಲ್ಲ.

ಹಾವೇರಿಯ ವಸುಂಧರಾ ಫಿಲಿಯೋಜಾ ಅವರನ್ನು ನೆನೆಯಿರಿ. ಧಾರವಾಡದಲ್ಲಿ ಓದಿದ ಅವರು ಪ್ಯಾರಿಸ್ಸಿಗೆ ಹೋಗಿ ವಿಜಯನಗರದ ಶಾಸನಗಳ ಮೇಲೆ ಸಂಶೋಧನೆ ಮಾಡಿದರು. ಆ ಕೃತಿ 1973ರಲ್ಲಿ ಅಲ್ಲಿಯೇ ಫ್ರೆಂಚಿನಲ್ಲಿ ಅಚ್ಚಾಯಿತು. ಅಲ್ಲಿ ನೆಲೆಸಿದ ಮೇಲೂ ಅವರ ಕೆಲಸ ನಮ್ಮ ಕಲ್ಲುಬರಹಗಳ ಸುತ್ತಲೇ ನಡೆಯಿತು, ಕನ್ನಡದಲ್ಲೂ ಬರೆದರು. ಫ್ರೆಂಚ್ ಕಲಿತ ಮಕ್ಕಳು ಊರು ಮರೆಯುತ್ತಾರೆ ಎಂದು ಹೆದರುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇಲ್ಲ.

ಕಾಗಿಣಾ ನದಿ ದಂಡೆಯ ನಮ್ಮ ಮಳಖೇಡಕ್ಕಂತೂ ಫ್ರೆಂಚಿನ ನಂಟು ಇನ್ನೂ ಹಳೆಯದು. ಅಮೋಘವರ್ಷ ನೃಪತುಂಗ ಇಲ್ಲಿಂದ ಆಳುತ್ತಿದ್ದಾಗ, 851ರ ಸುಮಾರಿಗೆ, ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿರುವ ವೃತ್ತಾಂತ ಬರವಣಿಗೆಗೆ ಬಂತು. ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ, ಇವರ ಸಾಲಿನಲ್ಲಿ ಜಗತ್ತಿನ ನಾಲ್ಕನೆಯ ದೊಡ್ಡ ಅರಸನೆಂದು ಅದು ಹೆಸರಿಸುವುದು ಬಲ್ಹರಾನನ್ನು, ಅಂದರೆ ನಮ್ಮ ರಾಷ್ಟ್ರಕೂಟ ವಲ್ಲಭನನ್ನು. ಆ ಅರಬ್ಬಿ ಬರಹವನ್ನು ಯೂಸೆಬ್ ರೆನೊದೊ ಎಂಬ ವಿದ್ವಾಂಸ 1718ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಂಚಿಗೆ ತಂದ. ಇಂಗ್ಲಿಷಿಗೆ ಅದು ಹೋದದ್ದು ಆಮೇಲೆ, 1733ರಲ್ಲಿ. ಕೋಟೆಯ ಬುರುಜು ಹತ್ತಿ ಆಡುವ ಹುಡುಗನಿಗೆ ತನ್ನೂರಿನ ಅರಸನ ಸುದ್ದಿಯನ್ನು ಪ್ಯಾರಿಸ್ಸಿನವರು ಮುನ್ನೂರು ವರ್ಷಗಳ ಹಿಂದೆಯೇ ಓದಿದ್ದರೆಂದು ಹೇಳಿ ನೋಡಿ. ಆ ಪುಸ್ತಕದಲ್ಲಿ ಏನಿದೆ ಎಂದು ಅವನು ಕೇಳಿಯೇ ಕೇಳುತ್ತಾನೆ. ಭಾಷೆ ಕಲಿಯುವ ಆಸೆ ಹುಟ್ಟುವುದು ಅಂಥ ಪ್ರಶ್ನೆಯಿಂದ.

ನಮ್ಮ ಮಕ್ಕಳಿಗೆ ಹಲವು ಭಾಷೆಗಳ ಭಯವೂ ಇಲ್ಲ. ತಾಂಡಾದಲ್ಲಿ ಲಂಬಾಣಿ, ಸಂತೆಯಲ್ಲಿ ದಖನಿ, ತಾಂಡೂರಿನ ಬಸ್ ಹತ್ತಿದರೆ ತೆಲುಗು, ಶಾಲೆಯಲ್ಲಿ ಕನ್ನಡ. ಹತ್ತು ವರ್ಷದ ಹುಡುಗಿ ಇಷ್ಟನ್ನೂ ಸಲೀಸಾಗಿ ನಿಭಾಯಿಸುತ್ತಾಳೆ. ಅವಳು ಕುಗ್ಗುವುದು ಇಂಗ್ಲಿಷಿನ ಮುಂದೆ, ಏಕೆಂದರೆ ಕಾನ್ವೆಂಟಿನವರು ಅಲ್ಲಿ ಆಗಲೇ ಬಹಳ ಮುಂದೆ ಹೋಗಿರುತ್ತಾರೆ. ಫ್ರೆಂಚ್ ತರಗತಿಯಲ್ಲಿ ಕಾನ್ವೆಂಟ್ ಮಗುವೂ ಸರ್ಕಾರಿ ಶಾಲೆಯ ಮಗುವೂ ಮೊದಲ ದಿನ ‘ಬೋಂಜೂರ್’ನಿಂದಲೇ ಶುರು ಮಾಡಬೇಕು. ಆ ಸಮಾನತೆ ಸಣ್ಣದಲ್ಲ. ಇಂಗ್ಲಿಷಿನಲ್ಲಿ ಹಿಂದೆ ಬಿದ್ದೆನೆಂದುಕೊಂಡ ಮಗುವಿಗೆ ಅಲ್ಲಿ ಮೊದಲ ಸಲ ತನ್ನ ಶಕ್ತಿ ಕಾಣುತ್ತದೆ.

ಬೋದಿಲೇರ್‌ನನ್ನು ಲಂಕೇಶರು ‘ಪಾಪದ ಹೂಗಳು’ ಮೂಲಕ ಕೊಟ್ಟರು, ಮೋಲಿಯೇರನ ನಾಟಕ ಎ.ಎನ್. ಮೂರ್ತಿರಾಯರ ‘ಆಷಾಢಭೂತಿ’ಯಾಯಿತು. ಮುಂದಿನ ಅನುವಾದಕ ಶಹಾಬಾದಿನ ಕಲ್ಲುಗಣಿ ಕಾರ್ಮಿಕರ ಮನೆಯಿಂದ ಏಕೆ ಬರಬಾರದು?

ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆ ಮಂಡಳಿಯಿದೆ, ಅನುದಾನವಿದೆ. ಕಟ್ಟಡಗಳ ಜೊತೆಗೆ ಸೇಡಂನಲ್ಲಿ ಒಂದು ಭಾಷಾ ಕೊಠಡಿ, ಒಬ್ಬ ಫ್ರೆಂಚ್ ಶಿಕ್ಷಕರು: ಮಂಡಳಿಗೆ ನಮ್ಮ ಬೇಡಿಕೆ ಇಷ್ಟೇ. ಓದುಗರಲ್ಲಿ ಫ್ರೆಂಚ್ ಬಲ್ಲವರಿದ್ದರೆ ರಜೆಯಲ್ಲಾದರೂ ಊರಿಗೆ ಬಂದು ಹತ್ತು ಮಕ್ಕಳಿಗೆ ಪಾಠ ಹೇಳಿ. ರೆನೊದೊ ಪುಸ್ತಕದ ಬಲ್ಹರಾ ಭಾಗವನ್ನು ಫ್ರೆಂಚಿನಿಂದ ನೇರವಾಗಿ ಕನ್ನಡಕ್ಕೆ ತರುವ ವಿದ್ಯಾರ್ಥಿ ಈ ಸೀಮೆಯಲ್ಲಿ ಯಾರೇ ಇರಲಿ, ಬರೆದು ಕಳಿಸಲಿ. ಈ ಪತ್ರಿಕೆಯ ಮೊದಲ ಪುಟಗಳನ್ನು ಅದಕ್ಕೆ ಕೊಡುತ್ತೇವೆ.