ಹತ್ತನೇ ಇಯತ್ತೆಯ ಮಕ್ಕಳೇ, ಫಲಿತಾಂಶಕ್ಕೆ ಮೊದಲೇ ಐಟಿಐ ನೋಡಿ ಬನ್ನಿ



ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ನಮ್ಮ ಘೋಣಸಗಿ ಮತ್ತು ಸುತ್ತಲಿನ ಊರುಗಳಲ್ಲಿ ಒಂದೇ ಲೆಕ್ಕ ನಡೆಯುತ್ತದೆ: ಮಾರ್ಕ್ಸ್ ಬಂದರೆ ಸೈನ್ಸ್, ಕಡಿಮೆಯಾದರೆ ಆರ್ಟ್ಸ್, ಎಲ್ಲಿಯೂ ಸಲ್ಲದಿದ್ದರೆ ಐಟಿಐ. ಈ ಲೆಕ್ಕವೇ ತಪ್ಪು. ಕೈಕೆಲಸಕ್ಕೆ ತಲೆ ಬೇಡ ಎನ್ನುವವರು ಮೋಟಾರ್ ರೀವೈಂಡಿಂಗ್ ಅಂಗಡಿಯಲ್ಲಿ ಒಂದು ತಾಸು ಕೂತು ನೋಡಲಿ. ಸುಟ್ಟ ತಂತಿ ಕಿತ್ತು, ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು, ಸ್ಲಾಟಿಗೊಂದು ಕಾಗದ ಇಟ್ಟು ಹೊಸ ಕಾಯಿಲ್ ಕೂಡಿಸುತ್ತಾರೆ. ಒಂದು ಕನೆಕ್ಷನ್ ತಪ್ಪಿದರೂ ಮೋಟಾರ್ ಮತ್ತೆ ಸುಡುತ್ತದೆ. ಏಪ್ರಿಲ್ ಚಾಟ್ನಿ (ಬಳ್ಳಿ ಸವರುವುದು) ಮುಗಿದು ದ್ರಾಕ್ಷಿ ಚಿಗುರುವ ಬಿಸಿಲಲ್ಲಿ ಮೋಟಾರ್ ನಿಂತರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ನಮ್ಮ ಒಕ್ಕಲುತನವೇ ಈಗ ಯಂತ್ರ ನಂಬಿದೆ: ಬೋರ್‌ವೆಲ್, ಡ್ರಿಪ್, ಬ್ಲೋವರ್, ಮನೂಕ ಇಡುವ ಕೋಲ್ಡ್ ಸ್ಟೋರೇಜ್. ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಎನ್‌ಟಿಪಿಸಿ ಸ್ಥಾವರವಿದೆ, ಆಲಮಟ್ಟಿಯಲ್ಲಿ 290 ಮೆಗಾವ್ಯಾಟಿನ ವಿದ್ಯುದಾಗಾರವಿದೆ, ಸಕ್ಕರೆ ಕಾರ್ಖಾನೆಗಳಿವೆ. ಎಲ್ಲ ಕಡೆ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಬೇಕು. ನಮ್ಮ ಹುಡುಗರು ಮಾತ್ರ ಕಸುಬು ಕಲಿಯದೆ ಗೋವಾ, ಮಹಾರಾಷ್ಟ್ರಕ್ಕೆ ಕೂಲಿಗೆ ಹೋಗುತ್ತಾರೆ. ಇದು ನಮಗೆ ನೋವಿನ ಸಂಗತಿ.

ಐಟಿಐ ಸೇರಿದರೆ ಮುಂದಿನ ಓದು ಮುಗಿಯಿತು ಎಂಬ ಭಯ ಬಹಳ ಮನೆಗಳಲ್ಲಿದೆ. ಹಾಗಿಲ್ಲ. ಫಿಟ್ಟರ್, ಎಲೆಕ್ಟ್ರಿಷಿಯನ್ ಕೋರ್ಸ್ 2 ವರ್ಷ, ವೆಲ್ಡರ್ 1 ವರ್ಷ. 2 ವರ್ಷದ ಐಟಿಐ ಪಾಸಾದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೇ ಪ್ರವೇಶವುಂಟು. ಡಿಪ್ಲೊಮಾ ಮುಗಿಸಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷ. ನಡುವೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಕಾರ್ಖಾನೆಯಲ್ಲಿ ಸ್ಟೈಪೆಂಡ್ ಪಡೆಯುತ್ತ ಕಲಿಯಲೂಬಹುದು. ಟಾಟಾ ಟೆಕ್ನಾಲಜೀಸ್ ಜೊತೆಗೂಡಿ ಸರ್ಕಾರ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿದೆ. 2022ರಲ್ಲಿ ಅವುಗಳ ಉದ್ಘಾಟನೆಯಾಯಿತು. ರೋಬೋಟ್, ಸಿಎನ್‌ಸಿ ಯಂತ್ರಗಳ ಮೇಲೆ ಹಳ್ಳಿಯ ಮಕ್ಕಳು ಕೈಯಾಡಿಸುವ ಅವಕಾಶ ಈಗ ಬಂದಿದೆ.

ಹೆಣ್ಣುಮಕ್ಕಳ ಪಾಲಕರಲ್ಲಿ ಒಂದು ಮಾತು. ಮಗಳಿಗೆ ಹೊಲಿಗೆ, ಕಂಪ್ಯೂಟರ್ ಅಷ್ಟೇ ಎಂದು ನೀವೇ ಗೆರೆ ಎಳೆಯಬೇಡಿ. ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಷಿಯನ್ ಕೋರ್ಸಿಗೂ ಅವಳು ಅರ್ಜಿ ಹಾಕಬಹುದು. ಬೇಕಾದ್ದನ್ನು ಅವಳೇ ಆರಿಸಲಿ.

ಎಂಟನೇ ಇಯತ್ತೆಯಲ್ಲಿರುವವರು ಶಾಲೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ಇಯತ್ತೆಯಿಂದ ಐಟಿ, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್‌ನಂಥ ವೃತ್ತಿ ವಿಷಯಗಳಿವೆ. ನಿಮಗೆ ಹತ್ತಿರದ ಯಾವ ಶಾಲೆಯಲ್ಲಿವೆ ಎಂದು ಹೆಡ್‌ಮಾಸ್ತರರನ್ನು ವಿಚಾರಿಸಿ.

ಎಲ್ಲ ಐಟಿಐಗಳೂ ಒಳ್ಳೆಯವೆಂದು ನಾವು ಹೇಳುವುದಿಲ್ಲ. ಬೋರ್ಡ್ ನೋಡಿ ಫೀ ಕಟ್ಟಬೇಡಿ. ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ ಇದೆಯೇ ಕೇಳಿ. ವರ್ಕ್‌ಶಾಪಿನ ಒಳಗೆ ಹೋಗಿ ಲೇತ್ ಓಡಿಸಿ ತೋರಿಸಿ ಅನ್ನಿ. ಯಂತ್ರದ ಮೇಲೆ ಧೂಳು ಕೂತಿದ್ದರೆ ಅಲ್ಲಿ ಕಲಿಕೆ ನಡೆದಿಲ್ಲ. ಅಲ್ಲೇ ಓದುವ ಹುಡುಗರನ್ನು ಮಾತಾಡಿಸಿ, ದಿನಕ್ಕೆ ಎಷ್ಟು ತಾಸು ಪ್ರಾಕ್ಟಿಕಲ್ ಎಂದು ಕೇಳಿ.

ಪಾಲಕರೇ, ಪರೀಕ್ಷೆಗೆ ಮೊದಲೇ ಒಂದು ದಿನ ಹೊಲದ ಕೆಲಸ ಬಿಡಿ. ಮಗನನ್ನೋ ಮಗಳನ್ನೋ ಕರೆದುಕೊಂಡು ತಿಕೋಟಾ ಮೇಲೆ ವಿಜಯಪುರದ ಬಸ್ ಹತ್ತಿ. ಸರ್ಕಾರಿ ಐಟಿಐ, ಪಾಲಿಟೆಕ್ನಿಕ್ ಎರಡನ್ನೂ ಕಣ್ಣಾರೆ ನೋಡಿ ಬನ್ನಿ. ಸೈನ್ಸೋ ಐಟಿಐಯೋ, ಆಮೇಲೆ ಮಕ್ಕಳನ್ನು ಕೂಡಿಸಿಕೊಂಡೇ ತೀರ್ಮಾನ ಮಾಡಿ.