ಇಂಟರ್‌ವೆಲ್ ಹರಟೆ: ಸಮುದ್ರಕ್ಕೆ ‘ಕಟ್’ ಹೇಳೋರು ಯಾರು?



ಯಾವ ನಾಯಕಿಗೆ ಯಾವ ನಾಯಕನ ಮೇಲೆ ಮುನಿಸು, ಯಾರ ಚಿತ್ರ ಎಷ್ಟು ವಾರ ಓಡಿತು ಅನ್ನೋ ಸುದ್ದಿ ಈ ವಾರ ನನ್ನ ಹತ್ತಿರ ಇಲ್ಲ. ಅದೆಲ್ಲ ಬೇರೆ ಪುಟದಲ್ಲಿದೆ, ಓದಿಕೊಳ್ಳಿ. ಈ ವಾರ ನಾನು ಹೇಳಬೇಕಾಗಿರೋದು ನಾನೇ ಕ್ಯಾಮೆರಾಮನ್ ಆಗಿ ತೆಗೆದ ಒಂದೇ ಒಂದು ಶಾಟಿನ ಕಥೆ. ‘ಸ್ಟಾರ್ಟ್’ ಅಂದವನು ನಾನೇ. ‘ಕಟ್’ ಅನ್ನೋ ಹೊತ್ತಿಗೆ ಮಾತ್ರ ನನ್ನ ನಾಲಗೆ ಒಣಗಿ ಹೋಗಿತ್ತು.

ನಮ್ಮದು ಇಂದಿರಾನಗರ. ಸಿ.ಎಂ.ಎಚ್. ರೋಡಿನ ಹಿಂದೆ ಒಂದು ಅಡ್ಡರಸ್ತೆ. ಈಗಿನವರಿಗೆ ಇಂದಿರಾನಗರ ಅಂದ್ರೆ ನೂರಡಿ ರಸ್ತೆ, ಬಣ್ಣದ ದೀಪ, ರಾತ್ರಿ ಹನ್ನೆರಡಾದರೂ ಮುಗಿಯದ ಗದ್ದಲ. ನಮಗೆ ಹಾಗಿರಲಿಲ್ಲ ಸ್ವಾಮಿ. ನಮಗೆ ಇಂದಿರಾನಗರ ಅಂದ್ರೆ ಹಲಸೂರಿಗೆ ನಡೆದು ಹೋಗುವಷ್ಟು ಹತ್ತಿರದ ಊರು. ‘ದ್ವೀಪ’ ಅನ್ನೋದನ್ನು ಕಣ್ಣಾರೆ ಕಂಡಿದ್ದೇ ಹಲಸೂರು ಕೆರೆಯಲ್ಲಿ. ಕೆರೆಯ ಮಧ್ಯೆ ಮರ ಬೆಳೆದ ನಡುಗಡ್ಡೆಗಳು, ಮೇಲೆ ಕೊಕ್ಕರೆಗಳು. ಬಾಡಿಗೆ ದೋಣಿ ಹತ್ತಿ ಅವುಗಳ ಸುತ್ತ ಒಂದು ರೌಂಡ್ ಹೊಡೆದರೆ ಸಪ್ತಸಾಗರ ದಾಟಿದಷ್ಟು ಜಂಬ!

ಕೆರೆಯ ಪಕ್ಕದಲ್ಲೇ ಕಾರ್ಪೊರೇಷನ್ನಿನ ಈಜುಕೊಳ. ಅಮ್ಮ ಈಜು ಕಲಿಯೋ ಅಂತ ಕಾಸು ಕೊಡುತ್ತಿದ್ದಳು. ಆ ಕಾಸು ನೀರಿಗೆ ಇಳಿಯಲೇ ಇಲ್ಲ, ಟಾಕೀಸಿನ ಬುಕಿಂಗ್ ಕಿಂಡಿಗೆ ಇಳಿಯಿತು. ೧೯೮೭ರಲ್ಲಿ ಶಂಕರ್‌ನಾಗ್ ನಿರ್ದೇಶನದ ‘ಒಂದು ಮುತ್ತಿನ ಕಥೆ’ ಬಂದಾಗ, ಅಣ್ಣಾವ್ರು ಮುತ್ತಿಗಾಗಿ ಸಮುದ್ರಕ್ಕೆ ಇಳಿಯೋದನ್ನು ನೋಡಿ ಬಂದು ನಾವು ಹುಡುಗರೆಲ್ಲ ಬಚ್ಚಲುಮನೆ ಬಕೆಟ್ಟಿಗೆ ಮುಖ ಇಟ್ಟು ಉಸಿರು ಹಿಡಿದದ್ದೇ ಹಿಡಿದದ್ದು. ಮುತ್ತು ಸಿಗಲಿಲ್ಲ, ನೆಗಡಿ ಸಿಕ್ಕಿತು. ಅಷ್ಟೇ ನನ್ನ ಈಜಿನ ಚರಿತ್ರೆ.

ಈಗ ಕಥೆಗೆ ಬರೋಣ.

೨೦೨೨ರ ಅಕ್ಟೋಬರ್ ೨೮. ಪುನೀತ್ ನಮ್ಮನ್ನು ಅಗಲಿ ಒಂದು ವರ್ಷ ತುಂಬೋಕೆ ಒಂದೇ ದಿನ ಬಾಕಿ. ಅವತ್ತು ‘ಗಂಧದ ಗುಡಿ’ ತೆರೆಗೆ ಬಂತು. ಅಮೋಘವರ್ಷ ಜೊತೆ ಅಪ್ಪು ಕಾಡು ಸುತ್ತಿ, ಬೆಟ್ಟ ಹತ್ತಿ, ನೇತ್ರಾಣಿಯ ಸಮುದ್ರದೊಳಗೂ ಇಳಿದಿದ್ದ ಚಿತ್ರ. ನಮ್ಮ ರಸ್ತೆಯ ನಾಲ್ಕು ಹುಡುಗರು ಅದನ್ನು ನೋಡಿ ಬಂದವರೇ ನನ್ನ ಗೇಟಿಗೆ ಒರಗಿ ನಿಂತರು. ಕಣ್ಣು ಇನ್ನೂ ಕೆಂಪಗಿತ್ತು.

“ಅಂಕಲ್, ಅಪ್ಪು ಇಳಿದ ನೀರಿಗೆ ನಾವೂ ಒಂದ್ಸಲ ಇಳೀಬೇಕು. ನೀವೂ ಬರ್ಬೇಕು.”

ಇದು ಟೂರಲ್ಲ, ಹರಕೆ! ಇಂಥದ್ದಕ್ಕೆ ಇಲ್ಲ ಅನ್ನೋದು ಹೇಗೆ? ಮಳೆಗಾಲ ಕಳೆದು ಸಮುದ್ರ ತಣ್ಣಗಾದ ಮೇಲೆ, ಡಿಸೆಂಬರ್ ತಿಂಗಳ ಒಂದು ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಬಸ್ ಹತ್ತಿದೆವು.

ಮೊದಲ ದಿನ ಮಲ್ಪೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಕಲ್ಲುಗಳು ಯಾರೋ ಶಿಲ್ಪಿ ಕೆತ್ತಿ ಜೋಡಿಸಿಟ್ಟ ಹಾಗೆ ಕಂಬ ಕಂಬವಾಗಿ ನಿಂತಿವೆ. ಲಾವಾರಸ ಆರಿ ಬಿರುಕು ಬಿಟ್ಟಾಗ ಮೂಡಿದ ಆಕಾರವಂತೆ. ಮಡಗಾಸ್ಕರ್ ನಮ್ಮ ನೆಲಕ್ಕೆ ಅಂಟಿಕೊಂಡಿದ್ದ ಕಾಲದ ಕಲ್ಲುಗಳು. ನಮ್ಮ ಹುಡುಗರು ಅದರ ಮೇಲೆ ಹತ್ತಿ ಡಜನ್‌ಗಟ್ಟಲೆ ಪೋಸು ಕೊಟ್ಟರು. ಪಾಪ, ಕಲ್ಲು ಕೋಟಿಗಟ್ಟಲೆ ವರ್ಷದಿಂದ ಒಂದೇ ಪೋಸಿನಲ್ಲಿದೆ!

ಎರಡನೇ ದಿನ ಮುರುಡೇಶ್ವರ. ಇಲ್ಲಿ ಬೇರೆ ಜನರ ಜೊತೆ ಹೋಗೋದು ಬೇಡ ಅಂತ ನಮ್ಮ ಗುಂಪಿಗೇ ಇಡೀ ಬೋಟು ಗೊತ್ತು ಮಾಡಿದೆವು. ಬೆಳಿಗ್ಗೆ ಬೇಗ ಹೊರಟೆವು. ೧೨೩ ಅಡಿಯ ಶಿವ ಬೆನ್ನ ಹಿಂದೆ ಚಿಕ್ಕವನಾಗುತ್ತಾ ಹೋದ. ನೇತ್ರಾಣಿ ದಡದಿಂದ ಸುಮಾರು ೧೯ ಕಿಲೋಮೀಟರ್ ದೂರ. ಅರ್ಧ ದಾರಿಗೆ ನಮ್ಮಲ್ಲಿಬ್ಬರ ಹೊಟ್ಟೆ ತೊಳಸಿ ಇಡ್ಲಿ ವಡೆ ಸಮುದ್ರಾರ್ಪಣೆ ಆಯಿತು. “ಬೋಟೊಳಗೆ ನೋಡ್ಬೇಡಿ, ದೂರದ ಗೆರೆ ನೋಡಿ” ಅಂದರು ಬೋಟಿನ ಅಣ್ಣ. ನೀರು ಆಕಾಶ ಸೇರುವ ಗೆರೆಯನ್ನೇ ನೋಡುತ್ತಾ ಕೂತ ಮೇಲೆ ಹೊಟ್ಟೆ ಸ್ವಲ್ಪ ಹದಕ್ಕೆ ಬಂತು. ನೀವು ಹೋದರೆ ಇದನ್ನು ನೆನಪಿಟ್ಟುಕೊಳ್ಳಿ.

ನೇತ್ರಾಣಿ ಹತ್ತಿರ ಬಂದಾಗ ಎಲ್ಲರೂ ಸುಮ್ಮನಾದೆವು. ಕಡಿದಾದ ಬಂಡೆ, ಅದರ ನೆತ್ತಿಯ ಮೇಲೆ ಹಸಿರು, ಮೇಲೆ ಸುತ್ತು ಹಾಕುವ ಬಿಳಿ ಹೊಟ್ಟೆಯ ಕಡಲ ಹದ್ದು. ಪಾರಿವಾಳದ ದ್ವೀಪ ಅಂತಲೂ ಇದಕ್ಕೆ ಹೆಸರು. ಆಕಾಶದಿಂದ ನೋಡಿದರೆ ಹೃದಯದ ಆಕಾರ. ಈ ಹೃದಯಕ್ಕೇ ನೌಕಾಪಡೆಯವರು ಒಂದು ಕಾಲದಲ್ಲಿ ಗುಂಡಿನ ಗುರಿ ಅಭ್ಯಾಸ ಮಾಡುತ್ತಿದ್ದರು! ನಾವು ದ್ವೀಪದ ಮೇಲೆ ಇಳಿಯಲಿಲ್ಲ. ಅದರ ಮಗ್ಗುಲಲ್ಲಿ ಲಂಗರು ಹಾಕಿದರು.

ಈಗ ಸ್ನಾರ್ಕ್ಲಿಂಗ್ ಅಂದರೆ ಏನು ಅಂತ ಎರಡು ಮಾತು. ಆಮ್ಲಜನಕದ ಸಿಲಿಂಡರ್ ಬೆನ್ನಿಗೆ ಕಟ್ಟಿ ಆಳಕ್ಕೆ ಇಳಿಯೋದು ಸ್ಕೂಬಾ ಅಂದುಕೊಂಡಿದ್ದೆ. ಬೋಟಿನ ಅಣ್ಣ ತಿದ್ದಿದರು. ಅದು ಆಮ್ಲಜನಕ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಅಪ್ಪು ಮಾಡಿದ್ದು ಅದು. ಸ್ನಾರ್ಕ್ಲಿಂಗಿಗೆ ಅಷ್ಟೆಲ್ಲ ಬೇಡ. ಕಣ್ಣು ಮೂಗು ಎರಡೂ ಮುಚ್ಚುವ ಗಾಜಿನ ಮುಖವಾಡ, ಬಾಯಲ್ಲಿ ಕಚ್ಚಿಕೊಳ್ಳುವ ಬಾಗಿದ ಕೊಳವೆ, ಮೈಗೆ ಲೈಫ್ ಜಾಕೆಟ್. ನೀರಿನ ಮೇಲೆ ಬೋರಲು ತೇಲುತ್ತಾ ಕೆಳಗೆ ನೋಡೋದು, ಬಾಯಿಂದಲೇ ಉಸಿರಾಡೋದು. ಕೊಳವೆಗೆ ನೀರು ನುಗ್ಗಿದರೆ ಗಾಬರಿಯಾಗದೆ ಜೋರಾಗಿ ‘ಫೂ’ ಅಂತ ಊದಿದರೆ ಹೊರಗೆ ಹೋಗುತ್ತೆ. ಗಾಜಿನ ಒಳಗಡೆ ಎಂಜಲು ಸವರಿ ತೊಳೆದರೆ ಮಂಜು ಕಟ್ಟೋದಿಲ್ಲ. ಹೌದು ಕಣ್ರೀ, ಎಂಜಲೇ!

ನಾನು ಏಣಿ ಹಿಡಿದು ರಾಮರಾಮಾ ಅಂತ ಇಳಿದೆ. ಮೊದಲೆರಡು ನಿಮಿಷ ಎದೆ ಡವಡವ. ಆಮೇಲೆ ಮುಖ ಕೆಳಗೆ ಮಾಡಿದೆ ನೋಡಿ... ಏನು ಹೇಳಲಿ! ನಲವತ್ತು ವರ್ಷ ಸಿನಿಮಾ ನೋಡಿದ್ದೇನೆ, ಅಂಥ ಬಣ್ಣ ಯಾವ ಪರದೆಯ ಮೇಲೂ ಕಂಡಿರಲಿಲ್ಲ. ಹವಳದ ಗುಪ್ಪೆಗಳ ನಡುವೆ ಹಳದಿ ಪಟ್ಟೆಯ ಮೀನುಗಳು, ಗಿಳಿಯ ಕೊಕ್ಕಿನಂಥ ಬಾಯಿಂದ ಬಂಡೆ ಕೆರೆಯುವ ದಪ್ಪ ಮೀನು. ಅದು ಕೆರೆಯೋ ‘ಕಟ ಕಟ’ ಸದ್ದು ನನ್ನ ಕಿವಿಗೇ ಬರುತ್ತಿತ್ತು. ಉಳಿದಂತೆ ಕೇಳಿಸುತ್ತಿದ್ದದ್ದು ನನ್ನ ಉಸಿರೊಂದೇ. ಹವಳ ಕಲ್ಲಲ್ಲ, ಜೀವ. ಮುಟ್ಟಬಾರದು, ತುಳಿಯಬಾರದು ಅಂತ ಮೊದಲೇ ಹೇಳಿದ್ದರು. ಬಕೆಟ್ಟಿನಲ್ಲಿ ಸಿಗದ ಮುತ್ತು ನನಗೆ ಅಲ್ಲಿ ಸಿಕ್ಕಿತು ಅಂದುಕೊಳ್ಳಿ.

ಎಲ್ಲರೂ ಮೇಲೆ ಬಂದು ಟವೆಲ್ ಹೊದ್ದು ಕೂತಿದ್ದೆವು. ಅಷ್ಟರಲ್ಲಿ ನಮ್ಮ ಗುಂಪಿನ ಕಿರಿಯ ಎದ್ದ. ಇಪ್ಪತ್ತರ ಪ್ರಾಯ. ಅವನನ್ನು ನಾವು ಕರೆಯೋದೇ ‘ಹೀರೋ’ ಅಂತ. ಎದೆಯ ಮೇಲೆ ಅಪ್ಪು ಚಿತ್ರ ಇರೋ ಬನಿಯನ್ ಹಾಕಿದ್ದ.

“ಅಂಕಲ್, ಬೋಟಿನ ತುದಿಯಿಂದ ಹಾರ್ತೀನಿ. ಸ್ಲೋ ಮೋಷನ್ನಲ್ಲಿ ಹೊಡೀರಿ. ಅಪ್ಪು ಫೋಟೋ ಕಾಣ್ಬೇಕು.”

ಫೋಟೋ ಕಾಣಬೇಕಲ್ಲ, ಅದಕ್ಕೆ ಲೈಫ್ ಜಾಕೆಟ್ಟಿನ ಬಕಲ್ ಬಿಚ್ಚಿ, ಅಂಗಿಯ ಗುಂಡಿ ಬಿಟ್ಟ ಹಾಗೆ ಬಿಟ್ಟುಕೊಂಡ. ನಾನು ನೋಡಿದೆ. ನೋಡಿಯೂ ಸುಮ್ಮನಿದ್ದೆ. ಅಷ್ಟೇ ಅಲ್ಲ ಸ್ವಾಮಿ, “ಇನ್ನೂ ಸ್ವಲ್ಪ ಬಲಕ್ಕೆ ನಿಲ್ಲೋ, ಬಿಸಿಲು ಮುಖಕ್ಕೆ ಬೀಳ್ಲಿ” ಅಂತ ಡೈರೆಕ್ಷನ್ ಬೇರೆ ಕೊಟ್ಟೆ! ಬೋಟಿನ ಅಣ್ಣ ಆಗ ಹಿಂದುಗಡೆ ಲಂಗರಿನ ಹಗ್ಗ ನೋಡುತ್ತಿದ್ದರು.

“ಸ್ಟಾರ್ಟ್!” ಅಂದೆ.

ದ್ರಾವಿಡ್ ೨೦೨೧ರಲ್ಲಿ ಜಾಹೀರಾತೊಂದರಲ್ಲಿ ಅಬ್ಬರಿಸಿದ್ದರಲ್ಲ, ಅದೇ ಧಾಟಿಯಲ್ಲಿ “ಇಂದಿರಾನಗರದ ಗೂಂಡಾ ನಾನೇ!” ಅಂತ ಕೂಗಿ ಹಾರಿಯೇ ಬಿಟ್ಟ.

ನೀರಿಗೆ ಬಿದ್ದ ಕ್ಷಣ ಜಾಕೆಟ್ ಮೇಲಕ್ಕೆ ಚಿಮ್ಮಿ ಕಿವಿಗೆ ಸಿಕ್ಕಿಕೊಂಡು, ತೋಳಿನಿಂದ ಜಾರಿ ಪಕ್ಕಕ್ಕೆ ತೇಲಿತು. ಬಕಲ್ ಇಲ್ಲದ ಜಾಕೆಟ್ ತಾನು ತೇಲುತ್ತೆ, ನಿಮ್ಮನ್ನು ತೇಲಿಸೋದಿಲ್ಲ. ಹೀರೋ ಮೇಲೆ ಬಂದ. ತಲೆ ಹಿಂದಕ್ಕೆ, ಬಾಯಿ ತೆರೆದು ಆಕಾಶಕ್ಕೆ. ಎರಡು ಕೈ ಅಗಲಿಸಿ ನೀರನ್ನು ಕೆಳಕ್ಕೆ ಒತ್ತುತ್ತಿದ್ದ. ಮುಳುಗಿದ. ಮತ್ತೆ ಬಂದ. ಒಂದು ಕೂಗಿಲ್ಲ, ಒಂದು ಸದ್ದಿಲ್ಲ.

ನಾನು ಮೊಬೈಲ್ ಪರದೆ ನೋಡುತ್ತಾ ನಗುತ್ತಿದ್ದೆ. “ಆ್ಯಕ್ಟಿಂಗ್ ಮಾಡ್ತಿದ್ದಾನೆ ನನ್ಮಗ” ಅಂದೆ.

ಹಿಂದಿನಿಂದ ಧಡ್ ಅಂತ ಸದ್ದಾಯಿತು. ಬೋಟಿನ ಅಣ್ಣ ನನ್ನನ್ನು ಪಕ್ಕಕ್ಕೆ ನೂಕಿ ಹಗ್ಗ ಕಟ್ಟಿದ ರಿಂಗ್ ಎಸೆದರು. ಜೊತೆಯ ಹುಡುಗ ಜಿಗಿದು ಹೀರೋನ ಬೆನ್ನ ಹಿಂದಿನಿಂದ ಕಂಕುಳಿಗೆ ಕೈ ಹಾಕಿ ಎತ್ತಿ ಹಿಡಿದ. ಬೋಟಿಗೆ ಎಳೆದುಕೊಂಡೆವು. ಕೆಮ್ಮಿದ, ಉಪ್ಪುನೀರು ಕಾರಿದ, ಆಮೇಲೆ ಅಪ್ಪು ಚಿತ್ರವನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತ.

ಬೋಟಿನ ಅಣ್ಣ ಬೈಯಲಿಲ್ಲ. “ಮಾರಾಯ್ರೆ, ಸಮುದ್ರಕ್ಕೆ ನಿಮ್ಮ ಸಿನಿಮಾ ಗೊತ್ತಿಲ್ಲ” ಅಂದರು. ಬೈದಿದ್ದರೇ ಚೆನ್ನಾಗಿತ್ತು.

ವಾಪಸ್ ಬಂದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣೆದುರೇ ಒಬ್ಬ ಮುಳುಗುತ್ತಿದ್ದರೆ ನನಗೆ ಯಾಕೆ ಗೊತ್ತಾಗಲಿಲ್ಲ? ಉತ್ತರ ಹುಡುಕಿದಾಗ ಸಿಕ್ಕಿದ್ದೂ ಒಂದು ಚಿತ್ರವೇ! ಅಮೆರಿಕದ ನ್ಯೂಯಾರ್ಕಿನ ಆರ್ಚರ್ಡ್ ಬೀಚಿನಲ್ಲಿ ಜೀವರಕ್ಷಕನಾಗಿದ್ದ ಫ್ರಾಂಕ್ ಪಿಯಾ ಎಂಬಾತ, ನಿಜವಾಗಿ ಮುಳುಗುತ್ತಿದ್ದವರನ್ನೂ ಅವರನ್ನು ಕಾಪಾಡಿದ್ದನ್ನೂ ಚಿತ್ರೀಕರಿಸಿ ೧೯೭೦ರಲ್ಲಿ ‘ಆನ್ ಡ್ರೌನಿಂಗ್’ ಎಂಬ ಚಿತ್ರ ಮಾಡಿದ. ಅವನು ಕಂಡುಕೊಂಡದ್ದು ಇಷ್ಟು. ಮುಳುಗುವವನು ಕೂಗೋದಿಲ್ಲ. ಬಾಯಿ ನೀರಿನ ಮೇಲೆ ಬರೋದೇ ಅರೆಕ್ಷಣ, ಅದು ಉಸಿರಿಗೇ ಸಾಲದು, ಕೂಗೋದಕ್ಕೆಲ್ಲಿ ಬರಬೇಕು? ಕೈ ಬೀಸೋದೂ ಇಲ್ಲ. ಬದುಕಿನ ಆಸೆಗೆ ಕೈಗಳು ತಾವಾಗಿಯೇ ನೀರನ್ನು ಕೆಳಕ್ಕೆ ಒತ್ತುತ್ತವೆ. ಮೈ ನೆಟ್ಟಗೆ ನಿಂತಿರುತ್ತೆ, ಏಣಿ ಹತ್ತುವವನ ಹಾಗೆ. ಹೀಗೆ ೨೦ರಿಂದ ೬೦ ಸೆಕೆಂಡು. ಆಮೇಲೆ ಒಳಕ್ಕೆ.

ನೋಡಿದಿರಾ? ನಮ್ಮ ಸಿನಿಮಾದಲ್ಲಿ ನಾಯಕಿ ಹೊಳೆಗೆ ಬಿದ್ದರೆ ಎರಡು ಕೈ ಎತ್ತಿ “ಕಾಪಾಡಿ! ಕಾಪಾಡಿ!” ಅಂತ ಅರ್ಧ ರೀಲು ಕೂಗುತ್ತಾಳೆ. ನಾಯಕ ಶರ್ಟು ಬಿಚ್ಚಿ ಹಾರೋವರೆಗೂ ಮುಳುಗೋದಿಲ್ಲ. ಅದನ್ನೇ ನೋಡಿ ನೋಡಿ ನನ್ನ ಕಣ್ಣು ನಿಜವಾದ ಮುಳುಗುವಿಕೆಯನ್ನು ಆ್ಯಕ್ಟಿಂಗ್ ಅಂದುಕೊಂಡಿತು. ನಲವತ್ತು ವರ್ಷ ಟಿಕೆಟ್ ಕೊಟ್ಟು ಕಲಿತ ಪಾಠ ಒಂದು ಹುಡುಗನ ಜೀವ ತೆಗೆಯುತ್ತಿತ್ತು.

ನಮ್ಮ ಗಾಂಧಿನಗರವೇ ಈ ನೋವು ಉಂಡಿದೆ. ೨೦೧೬ರ ನವೆಂಬರ್ ೭ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರೀಕರಣ. ಹೆಲಿಕಾಪ್ಟರಿನಿಂದ ಮೂವರು ನೀರಿಗೆ ಹಾರಿದರು. ದುನಿಯಾ ವಿಜಯ್ ಪಾರಾದರು. ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಮೈ ಕಟ್ಟಿಕೊಂಡಿದ್ದ ಗಟ್ಟಿ ಹುಡುಗರು ಅವರು. ಅವರ ಮೈಮೇಲೂ ಲೈಫ್ ಜಾಕೆಟ್ ಇರಲಿಲ್ಲ. ನೀರಿಗೆ ತೋಳಿನ ಗಾತ್ರ ಕಾಣೋದಿಲ್ಲ. ೨೦೧೯ರ ಜನವರಿ ೨೧ರಂದು ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ ೧೬ ಮಂದಿ ಹೋದರು. ಮಕ್ಕಳೂ ಇದ್ದರು.

ಹಾಗಂತ ದ್ವೀಪಕ್ಕೆ ಹೋಗಬೇಡಿ ಅಂತ ನಾನು ಹೇಳ್ತೀನಾ? ಖಂಡಿತ ಇಲ್ಲ. ಹೋಗಿ ಬನ್ನಿ. ಮಳೆಗಾಲ ಬಿಟ್ಟು ಹೋಗಿ. ಹತ್ತೋಕೆ ಮೊದಲು ತಲೆ ಎಣಿಸಿ, ಜಾಕೆಟ್ ಎಣಿಸಿ. ಜಾಕೆಟ್ ಕಮ್ಮಿ ಇದ್ದರೆ ಹತ್ತಬೇಡಿ, ಕೊಟ್ಟ ಮುಂಗಡ ಹೋದರೆ ಹೋಗಲಿ. ಬಕಲ್ ಹಾಕಿ, ಬಿಗಿ ಮಾಡಿ, ಭುಜದ ಹತ್ತಿರ ಗೆಳೆಯನ ಕೈಲಿ ಮೇಲಕ್ಕೆ ಎಳೆಸಿ ನೋಡಿ. ಕಿವಿಯವರೆಗೆ ಬಂದರೆ ಅದು ಸಡಿಲ ಅಂತ ಅರ್ಥ. ನೀರಲ್ಲಿರೋನು ಸುಮ್ಮನಾದರೆ “ಚೆನ್ನಾಗಿದ್ದೀಯೇನೋ?” ಅಂತ ಕೂಗಿ. ಉತ್ತರ ಬರದಿದ್ದರೆ ಕಾಯಬೇಡಿ. ಈಜು ಬಾರದವರು ಹಿಂದೆ ಹಾರಬೇಡಿ, ಒಬ್ಬರ ಬದಲು ಇಬ್ಬರು ಹೋಗ್ತೀರಿ. ರಿಂಗು, ಹಗ್ಗ, ಜಾಕೆಟ್, ಖಾಲಿ ಕ್ಯಾನು, ತೇಲುವ ಏನಾದರೂ ಎಸೆಯಿರಿ. ಒಬ್ಬ ಮೊಬೈಲ್ ಹಿಡಿದರೆ ಇನ್ನೊಬ್ಬ ಬರೀ ಕಣ್ಣಲ್ಲಿ ನೋಡುತ್ತಿರಲಿ.

ಇನ್ನು ಅಪ್ಪು ಅಭಿಮಾನಿಗಳಿಗೆ ಒಂದು ಮಾತು. ಅಪ್ಪು ನೇತ್ರಾಣಿಗೆ ಇಳಿದಾಗ ಮುಖವಾಡ, ಗಾಳಿಯ ಸಿಲಿಂಡರ್ ಎಲ್ಲ ಕಟ್ಟಿಕೊಂಡೇ ಇಳಿದರು. ಸ್ಟಂಟು, ಡ್ಯಾನ್ಸು ಎಲ್ಲದರಲ್ಲೂ ಪಳಗಿದ ಆ ಮನುಷ್ಯನಿಗೆ ಅದು ಅವಮಾನ ಅನ್ನಿಸಲಿಲ್ಲ. ನಮಗ್ಯಾಕೆ ಅನ್ನಿಸಬೇಕು?

ಹೀರೋ ಈಗ ಬೆಳಿಗ್ಗೆ ಆರಕ್ಕೆ ಈಜು ಕ್ಲಾಸಿಗೆ ಹೋಗುತ್ತಾನೆ. ಜೊತೆಗೆ ನಾನೂ. ಈ ವಯಸ್ಸಿನಲ್ಲಿ ಚಿಕ್ಕ ಮಕ್ಕಳ ಸಾಲಿನಲ್ಲಿ ನಿಂತು ಕಂಬಿ ಹಿಡಿದು ಕಾಲು ಬಡಿಯುತ್ತೇನೆ. ನಗೋರು ನಗಲಿ. ಅಮ್ಮ ಕೊಟ್ಟ ಕಾಸಿನ ಸಾಲ ತೀರಿಸಬೇಕಲ್ಲ!

ಆ ವಿಡಿಯೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಒಟ್ಟು ೩೧ ಸೆಕೆಂಡು. ಹುಡುಗರು ಅಳಿಸಿಬಿಡಿ ಅಂದರು. ನಾನು ಅಳಿಸಿಲ್ಲ. ಅದರಲ್ಲಿ ಹೀರೋನ ಸದ್ದು ಎಲ್ಲೂ ಇಲ್ಲ. ನಾನು ನಗೋದು ಮಾತ್ರ ಕೇಳಿಸುತ್ತೆ.

ಬೆಲ್ ಹೊಡೀತು, ಇಂಟರ್‌ವೆಲ್ ಮುಗೀತು. ಮುಂದಿನ ವಾರ ಸಿಗೋಣ.