ಬೋರ್ಡಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದರೆ ಸಾಕೇ?



ಕಳೆದ ಭಾನುವಾರ ಪೂಜೆ ಮುಗಿದ ಮೇಲೆ ಒಬ್ಬ ಅಕ್ಕ ನನಗೆ ಒಂದು ಶಾಲೆಯ ನೋಟಿಸ್ ತೋರಿಸಿದರು. “ನೀನು ಓದಿದವನು, ಹೇಳಪ್ಪ. ಇಂಟರ್‌ನ್ಯಾಷನಲ್ ಸ್ಕೂಲ್ ಅಂತೆ. ಬಳೆ ಅಡ ಇಟ್ಟಾದರೂ ಮಗುನ ಸೇರಿಸೋಣ ಅಂತಿದ್ದೀವಿ” ಎಂದರು. ಎರಡೂ ಬದಿ ನೋಡಿದೆ. ಈಜುಕೊಳ ಇತ್ತು, ಎ.ಸಿ. ಬಸ್ ಇತ್ತು. ಶಾಲೆಯನ್ನು ಯಾರು ಪರೀಕ್ಷಿಸಿದ್ದಾರೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಇದ್ದ ಮಾತ್ರಕ್ಕೆ ಶಾಲೆಗೆ ಅಂತರರಾಷ್ಟ್ರೀಯ ಮಾನ್ಯತೆ ಇದೆ ಎಂದಲ್ಲ. ಸಿ.ಬಿ.ಎಸ್.ಇ. ಅಫಿಲಿಯೇಷನ್ ಇದ್ದರೆ ಮಕ್ಕಳು ಆ ಬೋರ್ಡಿನ ಪರೀಕ್ಷೆ ಬರೆಯಬಹುದು, ಅಷ್ಟೇ. ಅಕ್ರೆಡಿಟೇಷನ್ ಬೇರೆ, ಅಲ್ಲಿ ಹೊರಗಿನ ಸಂಸ್ಥೆಯೊಂದು ಇಡೀ ಶಾಲೆಯನ್ನೇ ತೂಗಿ ನೋಡುತ್ತದೆ.

ನಮ್ಮ ದೇಶದಲ್ಲೇ ಒಂದು ಉದಾಹರಣೆ ಇದೆ. ಕೊಡೈಕನಾಲ್ ಇಂಟರ್‌ನ್ಯಾಷನಲ್ ಸ್ಕೂಲನ್ನು 1901ರಲ್ಲಿ ಅಮೆರಿಕದ ಮಿಷನರಿಗಳು ತಮ್ಮ ಮಕ್ಕಳಿಗಾಗಿ ಶುರುಮಾಡಿದರು. 1976ರಲ್ಲಿ ಅಲ್ಲಿ ಐ.ಬಿ. ಡಿಪ್ಲೊಮಾ ಬಂತು. ಅಮೆರಿಕದ ಮಿಡಲ್ ಸ್ಟೇಟ್ಸ್ ಅಸೋಸಿಯೇಷನ್‌ನ ಅಕ್ರೆಡಿಟೇಷನ್ ಕೂಡ ಅದಕ್ಕಿದೆ.

ಇದು ಹಣ ಕಟ್ಟಿದರೆ ಸಿಗುವ ಸರ್ಟಿಫಿಕೇಟ್ ಅಲ್ಲ. ಮೊದಲು ಶಾಲೆ ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಕುಂದುಕೊರತೆ ಸಮೇತ ವರದಿ ಬರೆಯಬೇಕು. ಶಿಕ್ಷಕರು, ಪೋಷಕರು, ಮಕ್ಕಳು ಎಲ್ಲರನ್ನೂ ಕೇಳಬೇಕು. ಪಾಪನಿವೇದನೆಗೆ ಮುಂಚಿನ ಆತ್ಮಶೋಧನೆಯ ಹಾಗೆ! ಆಮೇಲೆ ಬೇರೆ ಶಾಲೆಗಳ ಅನುಭವಿಗಳ ತಂಡ ಬಂದು, ತರಗತಿಯಲ್ಲಿ ಕೂತು, ಬರೆದದ್ದು ನಿಜವೇ ಎಂದು ನೋಡುತ್ತದೆ. ತಿದ್ದಿಕೊಳ್ಳಬೇಕಾದದ್ದನ್ನು ಬರೆದುಕೊಡುತ್ತದೆ. ಅಲ್ಲಿಗೂ ಮುಗಿಯುವುದಿಲ್ಲ. ಐ.ಬಿ. ಸಂಸ್ಥೆ ಐದು ವರ್ಷಕ್ಕೊಮ್ಮೆ ಮತ್ತೆ ಮೌಲ್ಯಮಾಪನ ಮಾಡುತ್ತದೆ.

ನಾನು ಬಿ.ಎಸ್‌ಸಿ. ಓದುವಾಗ ನಮ್ಮ ಕಾಲೇಜಿಗೆ ನ್ಯಾಕ್ ತಂಡ ಬಂದಿತ್ತು. ಹಿಂದಿನ ವಾರವೆಲ್ಲ ಗೋಡೆಗೆ ಬಣ್ಣ, ವರಾಂಡದಲ್ಲಿ ಹೂಕುಂಡ. ಬೀಗ ಹಾಕಿರುತ್ತಿದ್ದ ಲ್ಯಾಬ್ ಅಂದು ತೆರೆದಿತ್ತು. ತಂಡ ಹೋದ ಮೇಲೆ ಹೂಕುಂಡವೂ ಹೋಯಿತು, ಬೀಗವೂ ಬಿತ್ತು. ಆದ್ದರಿಂದ ಅಕ್ರೆಡಿಟೇಷನ್ ಇದ್ದರೆ ಎಲ್ಲ ಸರಿ ಎಂದೂ ನಾನು ಹೇಳುವುದಿಲ್ಲ. ಅದಿಲ್ಲದ ನಮ್ಮೂರ ಸರ್ಕಾರಿ ಶಾಲೆಯಲ್ಲೂ ಒಳ್ಳೆಯ ಟೀಚರ್ ಇದ್ದಾರೆ. ಆದರೆ ‘ಇಂಟರ್‌ನ್ಯಾಷನಲ್’ ಹೆಸರಿಗೆ ಹೆಚ್ಚು ಫೀಸು ಕೇಳುವವರನ್ನು ಆ ಹೆಸರಿನ ಲೆಕ್ಕ ಕೇಳುವುದು ತಪ್ಪಲ್ಲ.

ಅಡ ಇಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಮಾನ್ಯತೆ ಕೊಟ್ಟ ಸಂಸ್ಥೆ ಯಾವುದು? ಅದು ಯಾವ ವರ್ಷದವರೆಗೆ? ಕಳೆದ ಸಲ ತಂಡ ಏನು ತಿದ್ದಿಕೊಳ್ಳಲು ಹೇಳಿತು, ನೀವೇನು ಮಾಡಿದಿರಿ? ಹೇಳಿದ್ದನ್ನು ಆ ಸಂಸ್ಥೆಯ ವೆಬ್‌ಸೈಟಿನ ಪಟ್ಟಿಯಲ್ಲೂ ನೋಡಿ. ‘ಅರ್ಜಿ ಹಾಕಿದ್ದೇವೆ’ ಎಂದರೆ ಇನ್ನೂ ಸಿಕ್ಕಿಲ್ಲ ಎಂದೇ ಅರ್ಥ.

ಕೇಳಲು ಸಂಕೋಚವಾದರೆ, ಕಾಗದ ಇಂಗ್ಲಿಷಿನಲ್ಲಿದ್ದು ಅರ್ಥವಾಗದಿದ್ದರೆ, ಭಾನುವಾರ ಪೂಜೆಯ ನಂತರ ತನ್ನಿ. ಯುವಜನ ಸಂಘದವರು ಕೂತು ಓದಿ ಹೇಳುತ್ತೇವೆ. ಆ ಅಕ್ಕನ ಜೊತೆ ಶಾಲೆಗೆ ಹೋಗಿ ಕೇಳಲು ಈ ವಾರ ನಾವಿಬ್ಬರು ಹೊರಟಿದ್ದೇವೆ.